ಉಕ್ಕಿನೂರಿನಲ್ಲಿ ಕೂಲಿಗಳು ಯಾರು?

ಉಕ್ಕಿನ ಕಾರ್ಖಾನೆಯ ಕಾರ್ಮಿಕರು ಸಂಘ ಕಟ್ಟುವ ಕಥೆಯೆಂದೇ ಅಮೆರಿಕದ ರಂಗಭೂಮಿಯ ಚರಿತ್ರೆಯಲ್ಲಿ ಹೆಸರಾಗಿರುವ ನಾಟಕ ‘ದ ಕ್ರೇಡಲ್ ವಿಲ್ ರಾಕ್’. ಮಾರ್ಕ್ ಬ್ಲಿಟ್ಸ್‌ಸ್ಟೈನ್ 1936ರಲ್ಲಿ ಬರೆದು, ಸಂಗೀತವನ್ನೂ ತಾನೇ ಹೊಸೆದ ಈ ಗೀತನಾಟಕದಲ್ಲಿ ಹತ್ತು ದೃಶ್ಯಗಳಿವೆ. ಅವುಗಳಲ್ಲಿ ಒಂದೂ ಕಾರ್ಖಾನೆಯ ಒಳಗೆ ನಡೆಯುವುದಿಲ್ಲ. ಬೀದಿಯ ಮೂಲೆ, ರಾತ್ರಿ ನಡೆಯುವ ಕೋರ್ಟು, ಚರ್ಚು, ಸಿರಿವಂತರ ಮನೆಯ ಹುಲ್ಲುಹಾಸು, ಔಷಧಿ ಅಂಗಡಿ, ಹೋಟೆಲಿನ ಹಜಾರ, ಕಾಲೇಜಿನಲ್ಲಿ ಅಧ್ಯಾಪಕರು ಕೂರುವ ಕೋಣೆ, ವೈದ್ಯರ ಕ್ಲಿನಿಕ್ಕು ಎಲ್ಲವೂ ಬರುತ್ತವೆ. ಉಕ್ಕು ಕರಗುವ ಕುಲುಮೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ರಂಗದ ಮೇಲೆ ಹೆಚ್ಚು ಹೊತ್ತು ಇರುವವರು ಪಾದ್ರಿ, ಪತ್ರಿಕೆಯ ಸಂಪಾದಕ, ಡಾಕ್ಟರು, ಪ್ರಾಧ್ಯಾಪಕರು, ಪಿಟೀಲು ವಾದಕ, ಚಿತ್ರಕಾರ. ಕಾರ್ಮಿಕರೆಂದು ಕರೆಯಬಹುದಾದ ಪಾತ್ರಗಳು ಬೆರಳೆಣಿಕೆಯಷ್ಟು. ಹಾಗಾದರೆ ಇದು ಯಾರ ಬಗೆಗಿನ ನಾಟಕ? ನನ್ನ ವಾದ ಇಷ್ಟು: ಸಂಘದ ಹೋರಾಟವನ್ನು ನೆಪವಾಗಿಟ್ಟುಕೊಂಡು ಈ ನಾಟಕ ಮಾತಾಡುವುದು, ಕಾರ್ಮಿಕರ ಪ್ರಶ್ನೆ ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿರುವ ವಿದ್ಯಾವಂತ ಮಧ್ಯಮ ವರ್ಗದ ಬಗ್ಗೆ. ಅವರೂ ಕೂಲಿಗೆ ದುಡಿಯುವವರೇ, ಆದರೆ ಅದು ಅವರಿಗೇ ತಿಳಿದಿಲ್ಲ ಎಂಬುದು ಅದರ ತಿರುಳು. ಹೀಗೆ ಓದಿದಾಗ ನಾಟಕದ ಪಠ್ಯವೂ, 1937ರ ಜೂನ್ 16ರಂದು ನಡೆದ ಅದರ ಪ್ರಸಿದ್ಧ ಮೊದಲ ಪ್ರದರ್ಶನವೂ ಒಂದೇ ಪ್ರಶ್ನೆಯ ಎರಡು ರೂಪಗಳಾಗಿ ಕಾಣುತ್ತವೆ.

ಕಥೆ ನಡೆಯುವುದು ‘ಸ್ಟೀಲ್‌ಟೌನ್’ ಎಂಬ ಕಲ್ಪಿತ ಊರಿನಲ್ಲಿ. ಅಂದು ರಾತ್ರಿ ಕಾರ್ಮಿಕ ಸಂಘದ ಸಭೆಯಿದೆ. ಮೋಲ್ ಎಂಬ ಬಡ ಹುಡುಗಿ ವಾರದಲ್ಲಿ ಎರಡೇ ದಿನ ಕೆಲಸ ಸಿಕ್ಕಿ, ಉಳಿದ ದಿನ ಹಸಿವಿಗಾಗಿ ಮೈ ಮಾರಿಕೊಳ್ಳಲು ಬೀದಿಗೆ ಬಂದಿದ್ದಾಳೆ. ಪೊಲೀಸರು ಅವಳನ್ನು ಹಿಡಿಯುತ್ತಾರೆ. ಅದೇ ಹೊತ್ತಿಗೆ ಸಂಘದ ಸಭೆಯ ಬಳಿ ಭಾಷಣ ಮಾಡುವವರನ್ನೆಲ್ಲ ಬಂಧಿಸಬೇಕೆಂಬ ಅಪ್ಪಣೆ ಪಡೆದ ಪೊಲೀಸಿನವನೊಬ್ಬ, ಸಂಘವನ್ನು ವಿರೋಧಿಸಲು ಬಂದಿದ್ದ ಊರಿನ ಗಣ್ಯರ ‘ಲಿಬರ್ಟಿ ಕಮಿಟಿ’ಯನ್ನೇ ತಪ್ಪಾಗಿ ಎಳೆದು ತರುತ್ತಾನೆ. ಕೋರ್ಟಿನಲ್ಲಿ ಮೋಲ್ ಪಕ್ಕ ಕೂತವನು ಹ್ಯಾರಿ ಡ್ರಗ್ಗಿಸ್ಟ್. ಒಂದು ಕಾಲದ ಔಷಧಿ ಅಂಗಡಿಯ ಮಾಲೀಕ, ಈಗ ಕುಡಿದು ಬೀದಿಯಲ್ಲಿ ಬಿದ್ದಿರುವವನು. ಈ ದೊಡ್ಡ ಮನುಷ್ಯರೆಲ್ಲ ಹೇಗೆ ದೊಡ್ಡವರಾದರೆಂದು ಅವನು ಅವಳಿಗೆ ಹೇಳುತ್ತ ಹೋಗುತ್ತಾನೆ. ಹಿಂದೆ ನಡೆದದ್ದೆಲ್ಲ ಒಂದೊಂದೇ ದೃಶ್ಯವಾಗಿ ತೆರೆದುಕೊಳ್ಳುತ್ತದೆ, ಪ್ರತಿ ದೃಶ್ಯದ ಹಿಂದೆಯೂ ಊರಿನ ಒಡೆಯ ಮಿಸ್ಟರ್ ಮಿಸ್ಟರ್‌ನ ಕೈ ಇರುತ್ತದೆ. ಕೊನೆಯಲ್ಲಿ ಕರಪತ್ರ ಹಂಚಿದ ತಪ್ಪಿಗೆ ಬಂಧಿತನಾಗಿ ಬರುವ ಸಂಘಟಕ ಲ್ಯಾರಿ ಫೋರ್‌ಮನ್ ಒಡೆಯನ ಲಂಚವನ್ನು ತಿರಸ್ಕರಿಸುತ್ತಾನೆ. ಹೊರಗಿನಿಂದ ಸಂಘದವರ ಕಹಳೆ, ತಮಟೆಗಳ ಸದ್ದು ಕೇಳಿಬರುತ್ತದೆ. ಶೀರ್ಷಿಕೆಯ ಮೂಲ ಇಂಗ್ಲಿಷಿನ ಒಂದು ಹಳೆಯ ಜೋಗುಳ. ಮರದ ತುದಿಗೆ ತೂಗುಹಾಕಿದ ತೊಟ್ಟಿಲು ಗಾಳಿ ಬೀಸಿದಾಗ ತೂಗಾಡಿ ಕೆಳಗುರುಳುತ್ತದೆ. ಮೇಲೆ ಕೂತವರಿಗೆ ಲ್ಯಾರಿ ಕೊಡುವ ಎಚ್ಚರಿಕೆ ಅದು.

ಈ ವಿನ್ಯಾಸ ಹುಟ್ಟಿದ ಬಗೆಯಲ್ಲೇ ನನ್ನ ವಾದಕ್ಕೆ ಮೊದಲ ಆಧಾರವಿದೆ. ಬ್ಲಿಟ್ಸ್‌ಸ್ಟೈನ್ ಫಿಲಡೆಲ್ಫಿಯಾದ ಸ್ಥಿತಿವಂತ ಬ್ಯಾಂಕಿಂಗ್ ಮನೆತನದಲ್ಲಿ 1905ರಲ್ಲಿ ಹುಟ್ಟಿದವನು. ಪ್ಯಾರಿಸಿನಲ್ಲಿ ನಾದಿಯಾ ಬುಲಾಂಜೆ, ಬರ್ಲಿನ್ನಿನಲ್ಲಿ ಆರ್ನಲ್ಡ್ ಶೋನ್‌ಬರ್ಗ್ ಅವರಲ್ಲಿ ಸಂಗೀತ ಕಲಿತು, ಮೊದಲ ವರ್ಷಗಳಲ್ಲಿ ಕೆಲವೇ ರಸಿಕರಿಗೆ ಅರ್ಥವಾಗುವಂಥ ನವ್ಯ ಸಂಗೀತ ರಚಿಸುತ್ತಿದ್ದವನು. ಮಹಾ ಆರ್ಥಿಕ ಕುಸಿತ ಅವನ ದಿಕ್ಕನ್ನು ಬದಲಿಸಿತು. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯಬಲ್ಲವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು ನಿರುದ್ಯೋಗಿಗಳಾಗಿದ್ದರು. ಬೀದಿಗೆ ಬಿದ್ದ ಹುಡುಗಿಯೊಬ್ಬಳ ಬಗ್ಗೆ ತಾನು ಕಟ್ಟಿದ ಒಂದು ಹಾಡನ್ನು ಅವನು ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಮುಂದೆ ನುಡಿಸಿ ತೋರಿಸಿದ. ಬ್ರೆಕ್ಟ್ ಆಗ ನಾತ್ಸಿ ಜರ್ಮನಿಯಿಂದ ತಲೆತಪ್ಪಿಸಿಕೊಂಡಿದ್ದ, ನ್ಯೂಯಾರ್ಕಿಗೆ ಬಂದಿದ್ದ. ಕನ್ನಡದ ರಂಗಾಸಕ್ತರಿಗೆ ಅವನ ಪರಿಚಯ ಬೇಕಿಲ್ಲ. ಹಾಡು ಕೇಳಿದ ಬ್ರೆಕ್ಟ್ ಕೊಟ್ಟ ಸಲಹೆ ಮಾರ್ಮಿಕವಾಗಿತ್ತು: ಮೈ ಮಾರುವವಳೊಬ್ಬಳ ಬಗ್ಗೆ ಮಾತ್ರ ಏಕೆ ಬರೆಯಬೇಕು, ಪತ್ರಿಕೆ, ಧರ್ಮಪೀಠ, ಕಲೆ, ವಿದ್ಯೆಗಳನ್ನು ಮಾರಿಕೊಳ್ಳುವವರ ಬಗ್ಗೆಯೂ ಬರೆಯಬಾರದೇಕೆ ಎಂಬುದು ಅದರ ಸಾರ. ಪತ್ನಿ ಈವಾ ಗೋಲ್ಡ್‌ಬೆಕ್ 1936ರ ಮೇ ತಿಂಗಳಲ್ಲಿ ತೀರಿಕೊಂಡ ಮೇಲೆ, ಆ ದುಃಖದಲ್ಲೇ ಬ್ಲಿಟ್ಸ್‌ಸ್ಟೈನ್ ಕೆಲವೇ ವಾರಗಳಲ್ಲಿ ಇಡೀ ನಾಟಕವನ್ನು ಬರೆದು ಮುಗಿಸಿದ, ಬ್ರೆಕ್ಟ್‌ಗೇ ಅರ್ಪಿಸಿದ. ಎಂದರೆ ನಾಟಕದ ಬೀಜದಲ್ಲಿದ್ದದ್ದು ಮಾರಾಟದ ಪ್ರಶ್ನೆ. ಮುಷ್ಕರವೂ ಉಕ್ಕೂ ಆಮೇಲೆ ಬಂದು ಸೇರಿದವು.

ಎರಡನೆಯ ಆಧಾರ ನಾಟಕದ ಹೊರಗೆ, ಆ ಕಾಲದ ಕಾರ್ಮಿಕ ಚರಿತ್ರೆಯಲ್ಲಿದೆ. 1935ರ ಜುಲೈನಲ್ಲಿ ಜಾರಿಗೆ ಬಂದ ವ್ಯಾಗ್ನರ್ ಕಾಯ್ದೆ ಕಾರ್ಮಿಕರಿಗೆ ಸಂಘ ಕಟ್ಟುವ, ಸಂಘದ ಮೂಲಕವೇ ಮಾಲೀಕರೊಡನೆ ಚೌಕಾಶಿ ಮಾಡುವ ಹಕ್ಕನ್ನು ಕೊಟ್ಟಿತು. ಹಕ್ಕು ಕಾನೂನಾದ ಮೇಲೆ ಅದನ್ನು ಮುರಿಯಲು ಪೊಲೀಸರ ಲಾಠಿ, ಬಾಡಿಗೆ ಗೂಂಡಾಗಳಷ್ಟೇ ಸಾಲದಾಯಿತು. ಊರಿನ ಅಭಿಪ್ರಾಯವನ್ನೇ ಕೊಂಡುಕೊಳ್ಳಬೇಕಾಯಿತು. 1936ರಲ್ಲಿ ಟೈಪ್‌ರೈಟರ್ ತಯಾರಿಸುವ ರೆಮಿಂಗ್‌ಟನ್ ರಾಂಡ್ ಕಂಪನಿಯಲ್ಲಿ ಮುಷ್ಕರ ನಡೆದಾಗ ಮಾಲೀಕರು ಬಳಸಿದ ವಿಧಾನಕ್ಕೆ ‘ಮೊಹಾಕ್ ವ್ಯಾಲಿ ಸೂತ್ರ’ ಎಂಬ ಹೆಸರೇ ಬಂತು. ಮರುವರ್ಷ, ವ್ಯಾಗ್ನರ್ ಕಾಯ್ದೆಯಡಿ ರಚನೆಯಾದ ಕಾರ್ಮಿಕ ಸಂಬಂಧ ಮಂಡಳಿ ತನ್ನ ತೀರ್ಪಿನಲ್ಲಿ ಆ ಸೂತ್ರವನ್ನು ಬಿಡಿಸಿಟ್ಟಿತು. ಮುಷ್ಕರದ ಮುಂದಾಳುಗಳನ್ನು ಹೊರಗಿನಿಂದ ಬಂದ ಕಿಡಿಗೇಡಿಗಳೆಂದು ಸಾರಬೇಕು. ಕಾರ್ಖಾನೆಯನ್ನೇ ಬೇರೆಡೆಗೆ ಸಾಗಿಸುತ್ತೇವೆಂದು ಊರಿನವರನ್ನು ಹೆದರಿಸಬೇಕು. ಬ್ಯಾಂಕಿನವರು, ಜಮೀನುದಾರರು, ವ್ಯಾಪಾರಿಗಳನ್ನು ಸೇರಿಸಿ ‘ನಾಗರಿಕರ ಸಮಿತಿ’ ರಚಿಸಬೇಕು. ಕಾನೂನು ಸುವ್ಯವಸ್ಥೆಯ ಹೆಸರಿನಲ್ಲಿ ಆ ಸಮಿತಿಯಿಂದಲೇ ಮುಷ್ಕರವನ್ನು ಖಂಡಿಸಬೇಕು. ಬ್ಲಿಟ್ಸ್‌ಸ್ಟೈನ್‌ನ ಲಿಬರ್ಟಿ ಕಮಿಟಿ ಇದೇ. ನಾಟಕ ರಂಗಕ್ಕೆ ಬಂದ 1937ರ ಜೂನ್‌ನಲ್ಲೇ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ನಿಜವಾದ ಉಕ್ಕಿನೂರಿನಲ್ಲಿ ಬೆತ್ಲೆಹೆಮ್ ಸ್ಟೀಲ್ ವಿರುದ್ಧದ ಮುಷ್ಕರವನ್ನು ಮುರಿಯಲು ಇಂಥ ಸಮಿತಿಯೊಂದು ಎದ್ದು ನಿಂತಿತು. ಊರಿನ ಮೇಯರನಿಗೆ ಕಂಪನಿಯಿಂದ ಹಣ ಸಂದದ್ದನ್ನು ಸೆನೆಟ್ಟಿನ ತನಿಖಾ ಸಮಿತಿ ಆಮೇಲೆ ಬಯಲು ಮಾಡಿತು. ನಾಟಕಕಾರ ಜಾನ್ಸ್‌ಟೌನನ್ನು ನೋಡಿ ಬರೆದಿರಲು ಸಾಧ್ಯವೇ ಇರಲಿಲ್ಲ, ಅವನ ಬರವಣಿಗೆ ಅದಕ್ಕೆ ಹಲವು ತಿಂಗಳು ಮೊದಲೇ ಮುಗಿದಿತ್ತು. ಊರು ಕೆಲಸ ಮಾಡುವ ರೀತಿಯನ್ನು ಅವನು ಸರಿಯಾಗಿ ಗುರುತಿಸಿದ್ದ, ಅಷ್ಟೆ. ಮುಷ್ಕರ ಗೆಲ್ಲುವುದು, ಸೋಲುವುದು ಕಾರ್ಖಾನೆಯ ಗೇಟಿನಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಊರಿನ ಡಾಕ್ಟರು ಯಾವ ಸರ್ಟಿಫಿಕೇಟು ಬರೆದುಕೊಡುತ್ತಾನೆ, ಪತ್ರಿಕೆ ಏನು ಅಚ್ಚು ಹಾಕುತ್ತದೆ, ಪಾದ್ರಿ ಭಾನುವಾರ ಏನು ಹೇಳುತ್ತಾನೆ ಎಂಬುದರ ಮೇಲೂ ನಿಂತಿರುತ್ತದೆ.

ಒಬ್ಬೊಬ್ಬರೂ ಮಾರಾಟವಾಗುವ ಬಗೆ ಬೇರೆಬೇರೆ ಎಂಬುದನ್ನು ಈ ನಾಟಕ ಓದುವವರು ಬಿಡದೆ ಗಮನಿಸಬೇಕು. ರೆವರೆಂಡ್ ಸಾಲ್ವೇಶನ್ 1915ರಲ್ಲಿ ಶಾಂತಿಯ ಪ್ರವಚನ ಮಾಡುತ್ತಾನೆ. ಕಾಣಿಕೆ ಕೊಡುವ, ಒಡೆಯನ ಹೆಂಡತಿ ಮಿಸೆಸ್ ಮಿಸ್ಟರ್‌ಗೆ ಉಕ್ಕಿನ ಬೆಲೆ ಏರುವುದು ಬೇಕಾದ ಹಾಗೆಲ್ಲ ಪ್ರವಚನ ಬಾಗುತ್ತ ಬಂದು, 1917ರಲ್ಲಿ ಯುದ್ಧದ ಕರೆಯಾಗುತ್ತದೆ. ಎಡಿಟರ್ ಡೈಲಿಗೆ ಪತ್ರಿಕೆಯ ಒಡೆತನ ಯಾರ ಕೈಯಲ್ಲಿದೆ ಎಂದು ಗೊತ್ತಾದರೆ ಸಾಕು. ಪಿಟೀಲಿನ ಯಾಶಾ, ಚಿತ್ರಕಾರ ಡೌಬರ್ ಇಬ್ಬರಿಗೂ ಒಡತಿಯ ಮನೆಯ ಊಟದ ಆಹ್ವಾನ ಬೇಕು. ಕಲೆ ಕಲೆಗಾಗಿ, ರಾಜಕೀಯ ನಮಗೇಕೆ ಎಂದು ಅವರು ಹಾಡುವಾಗ, ಆ ತತ್ವವನ್ನು ಅವರ ಬಾಯಲ್ಲಿ ಇಟ್ಟಿರುವುದು ಹಸಿವು ಎಂಬುದು ನಮಗೆ ಕಾಣುತ್ತದೆ. ಪ್ರೆಸಿಡೆಂಟ್ ಪ್ರೆಕ್ಸಿ ತನ್ನ ಟ್ರಸ್ಟಿಯಾದ ಮಿಸ್ಟರ್ ಮಿಸ್ಟರ್‌ಗಾಗಿ, ವಿದ್ಯಾರ್ಥಿಗಳ ಸೈನಿಕ ತರಬೇತಿಯ ಪರ ಭಾಷಣ ಮಾಡಬಲ್ಲ ಪ್ರಾಧ್ಯಾಪಕನನ್ನು ಹುಡುಕುತ್ತಾನೆ. ಇವೆಲ್ಲ ನಗಿಸುವ ದೃಶ್ಯಗಳು. ಡಾಕ್ಟರ್ ಸ್ಪೆಷಲಿಸ್ಟನ ದೃಶ್ಯಕ್ಕೆ ಬಂದಾಗ ನಗು ನಿಲ್ಲುತ್ತದೆ. ಯಂತ್ರಕ್ಕೆ ಸಿಕ್ಕ ಕಾರ್ಮಿಕ ಜೋ ಹ್ಯಾಮರ್ ಕುಡಿದಿದ್ದ ಎಂದು ಪತ್ರಿಕೆಯವರಿಗೆ ಹೇಳಬೇಕು, ಇಲ್ಲದಿದ್ದರೆ ತನ್ನ ಸ್ಥಾನಮಾನ ಕೈತಪ್ಪುತ್ತದೆ ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿದ ಡಾಕ್ಟರು, ಜೋನ ತಂಗಿ ಎಲ್ಲಾ ಹ್ಯಾಮರ್ ಎದುರಿಗಿರುವಾಗಲೇ ಆ ಸುಳ್ಳನ್ನು ಹೇಳುತ್ತಾನೆ. ಅವನು ಹೋದ ಮೇಲೆ ಎಲ್ಲಾ ಹ್ಯಾಮರ್ ಹಾಡುವ ಹಾಡು ಇಡೀ ನಾಟಕದಲ್ಲಿ ಕಾರ್ಖಾನೆಯ ಬದುಕಿಗೆ ಅತಿ ಹತ್ತಿರ ಬರುವ ಗಳಿಗೆ. ಅದು ಬರುವುದು ವೈದ್ಯನ ಕೋಣೆಯಲ್ಲಿ ಎಂಬುದು ಆಕಸ್ಮಿಕವಲ್ಲ. ಮನುಷ್ಯನನ್ನು ತುಳಿದದ್ದು ಯಂತ್ರ. ಅದಕ್ಕೆ ಕುಡಿತದ ಹೆಸರು ಕೊಟ್ಟದ್ದು ಓದು ಕಲಿತ ಒಬ್ಬನ ಸಹಿ.

ಇವರೆಲ್ಲರಿಗಿಂತ ನನಗೆ ಮುಖ್ಯನಾಗಿ ಕಾಣುವವನು ಹ್ಯಾರಿ ಡ್ರಗ್ಗಿಸ್ಟ್. ಅವನಿಗೆ ಯಾರೂ ಬಹುಮಾನದ ಆಸೆ ತೋರಿಸಲಿಲ್ಲ. ಅಂಗಡಿಯ ಮೇಲಿನ ಅಡಮಾನವನ್ನು ನೆನಪಿಸಿದರು, ಅಷ್ಟೇ. ಸಂಘದ ಕಚೇರಿಯ ಬಳಿ ನಡೆಯಲಿರುವ ಸ್ಫೋಟದ ಹೊಣೆಯನ್ನು ಗಸ್ ಪೋಲೊಕ್ ಎಂಬ ವಲಸೆ ಕಾರ್ಮಿಕನ ತಲೆಗೆ ಕಟ್ಟಬೇಕು, ಅದಕ್ಕೆ ಹ್ಯಾರಿ ಸಾಕ್ಷಿ ಹೇಳಬೇಕು. ಗಸ್ ಮತ್ತು ಬಸುರಿಯಾದ ಅವನ ಹೆಂಡತಿ ಸೇಡಿ ಅಂಗಡಿಗೆ ಬಂದು, ಹುಟ್ಟಲಿರುವ ಮಗುವಿನ ಬಗ್ಗೆ ಹಾಡಿಕೊಂಡು ಹೊರಡುತ್ತಾರೆ. ಅವರನ್ನು ತಡೆಯಲು ಹ್ಯಾರಿಯ ಮಗ ಸ್ಟೀವ್ ಓಡುತ್ತಾನೆ, ಸ್ಫೋಟದಲ್ಲಿ ಮೂವರೂ ಸಾಯುತ್ತಾರೆ. ಸುಮ್ಮನಿದ್ದು ಅಂಗಡಿ ಉಳಿಸಿಕೊಳ್ಳಲು ಹೋದವನಿಗೆ ಮಗನೂ ಉಳಿಯಲಿಲ್ಲ, ಅಂಗಡಿಯೂ ಉಳಿಯಲಿಲ್ಲ. ಹ್ಯಾರಿಯನ್ನು ಕೆಟ್ಟವನೆಂದು ನೂಕಿಬಿಡಲು ನಾಟಕ ಬಿಡುವುದಿಲ್ಲ. ಅವನೇ ನಮಗೆ ಕಥೆ ಹೇಳುವವನು, ಉಳಿದವರ ಗುಟ್ಟುಗಳನ್ನು ಬಿಚ್ಚಿಡುವವನು. ಸಣ್ಣ ಆಸ್ತಿ, ಸಾಲದ ಕಂತು, ಮಗನ ಭವಿಷ್ಯ ಎಂಬ ಮಧ್ಯಮ ವರ್ಗದ ಮೂರು ಭಯಗಳೂ ಸೇರಿ ಮನುಷ್ಯನೊಬ್ಬನನ್ನು ಹೇಗೆ ಮೂಕನನ್ನಾಗಿಸುತ್ತವೆ ಎಂಬುದನ್ನು ಆ ಕಾಲದ ಅಮೆರಿಕನ್ ರಂಗಭೂಮಿಯಲ್ಲಿ ಇಷ್ಟು ಚುಟುಕಾಗಿ, ಇಷ್ಟು ನೋವಿನಿಂದ ತೋರಿಸಿದ ಇನ್ನೊಂದು ದೃಶ್ಯ ನನಗೆ ಹೊಳೆಯುವುದಿಲ್ಲ.

ಇಷ್ಟು ಹೇಳಿದಾಗ ಏಳುವ ಮೊದಲ ಆಕ್ಷೇಪ ಹಳೆಯದು: ಇದು ಪ್ರಚಾರ ಸಾಹಿತ್ಯ, ಹೆಸರೇ ಹಣೆಪಟ್ಟಿಯಾಗಿರುವ ಪಾತ್ರಗಳಲ್ಲಿ ಮನುಷ್ಯರೆಲ್ಲಿದ್ದಾರೆ? ಆಕ್ಷೇಪದಲ್ಲಿ ನಿಜವಿಲ್ಲದಿಲ್ಲ. ಮಿಸ್ಟರ್ ಮಿಸ್ಟರ್‌ಗೆ ಒಳಬದುಕು ಎಂಬುದೇ ಇಲ್ಲ. ಗಸ್, ಸೇಡಿಯರು ಅತಿ ಮುಗ್ಧರು. ಲ್ಯಾರಿ ಒಂದು ಕ್ಷಣವೂ ಹಿಂಜರಿಯುವುದಿಲ್ಲ, ಹಿಂಜರಿಯದ ನಾಯಕನಲ್ಲಿ ನಾಟಕೀಯತೆ ಕಡಿಮೆ. ಆದರೆ ಹಣೆಪಟ್ಟಿಯ ಹೆಸರುಗಳ ಉದ್ದೇಶವನ್ನು ನೋಡಬೇಕು. ಮನುಷ್ಯ ತನ್ನ ಹುದ್ದೆಯಲ್ಲೇ ಪೂರ್ತಿ ಕರಗಿಹೋಗಿದ್ದಾನೆ, ಅವನ ಸ್ವಂತ ಹೆಸರನ್ನು ಅವನ ಕೆಲಸ ನುಂಗಿದೆ ಎಂಬುದು ನಾಟಕದ ವಾದವೇ ಆಗಿರುವಾಗ, ಡಾಕ್ಟರನನ್ನು ಡಾಕ್ಟರ್ ಸ್ಪೆಷಲಿಸ್ಟ್ ಎಂದು ಕರೆಯುವುದು ಆ ವಾದದ ಭಾಗ. ಗಸ್, ಸೇಡಿ, ಸ್ಟೀವ್, ಎಲ್ಲಾ ಹ್ಯಾಮರ್ ಇವರಿಗೆ ಮನೆಯವರು ಕರೆಯುವ ಹೆಸರುಗಳಿವೆ. ಒಡೆಯನ ಋಣದಲ್ಲಿರುವ ಹೆಚ್ಚಿನವರಿಗೆ ಅವು ಇಲ್ಲ. ಹ್ಯಾರಿ ಮಾತ್ರ ನಡುವೆ ನಿಂತಿದ್ದಾನೆ, ಅವನಿಗೆ ಎರಡೂ ಬಗೆಯ ಹೆಸರಿದೆ. ಇನ್ನು ಒಳಬದುಕಿನ ಕೆಲಸವನ್ನು ಇಲ್ಲಿ ಸಂಗೀತ ಮಾಡುತ್ತದೆ. ಮೋಲ್ ಕೋರ್ಟಿನಲ್ಲಿ ಹಾಡುವ, ಕಾಲಡಿಯ ಐದು ಸೆಂಟಿನ ನಾಣ್ಯದ ಬಗೆಗಿನ ಹಾಡು ಬ್ರೆಕ್ಟ್ ಕೇಳಿದ ಆ ಮೂಲ ಹಾಡೇ. ಪದಗಳಷ್ಟೇ ಓದಿದರೆ ಅದೊಂದು ಬೀದಿ ಹುಡುಗಿಯ ಅಳಲು. ರಾಗದ ಜೊತೆ ಕೇಳಿದಾಗ ಅದರಲ್ಲಿ ಕೋಪವೂ ನಾಚಿಕೆಯೂ ದಣಿವೂ ಒಟ್ಟಿಗೇ ಇವೆ. ಈ ನಾಟಕವನ್ನು ಕಾಗದದ ಮೇಲೆ ಓದಿ ತೀರ್ಪು ಕೊಟ್ಟವರು ಅರ್ಧವನ್ನೇ ಓದಿದ್ದಾರೆ. 1938ರಲ್ಲೇ ಮೂಲ ನಟರ ಧ್ವನಿಯಲ್ಲಿ ಅದರ ಧ್ವನಿಮುದ್ರಣ ಬಂದಿತ್ತು, ಅಧ್ಯಯನ ಅಲ್ಲಿಂದ ಶುರುವಾಗುವುದು ಒಳ್ಳೆಯದು.

ಇನ್ನು ಮೊದಲ ಪ್ರದರ್ಶನದ ರಾತ್ರಿ. ನಾಟಕವನ್ನು ಕೈಗೆತ್ತಿಕೊಂಡದ್ದು ಸರ್ಕಾರವೇ ನಡೆಸುತ್ತಿದ್ದ ‘ಫೆಡರಲ್ ಥಿಯೇಟರ್ ಪ್ರಾಜೆಕ್ಟ್’. ಕೆಲಸವಿಲ್ಲದ ಸಾವಿರಾರು ನಟರು, ತಂತ್ರಜ್ಞರು, ಸಂಗೀತಗಾರರಿಗೆ ಉದ್ಯೋಗ ಕೊಡಲು 1935ರಲ್ಲಿ ರೂಸ್‌ವೆಲ್ಟ್ ಆಡಳಿತ ಆರಂಭಿಸಿದ ಯೋಜನೆ ಅದು. ನಿರ್ದೇಶಕಿ ಹ್ಯಾಲಿ ಫ್ಲಾನಗನ್. ನ್ಯೂಯಾರ್ಕಿನಲ್ಲಿ ನಟರಿಗೆ ವಾರಕ್ಕೆ ಸಿಗುತ್ತಿದ್ದದ್ದು 23.86 ಡಾಲರ್. ಈ ನಾಟಕದ ನಿರ್ದೇಶಕ ಆರ್ಸನ್ ವೆಲ್ಸ್, ಆಗ ಅವನಿಗೆ 22 ವರ್ಷ. ನಿರ್ಮಾಪಕ ಜಾನ್ ಹೌಸ್‌ಮನ್. 1937ರ ಬೇಸಿಗೆಯಲ್ಲಿ ಯೋಜನೆಯ ಹಣ ದೊಡ್ಡ ಪ್ರಮಾಣದಲ್ಲಿ ಕಡಿತವಾಯಿತು. ಜುಲೈ 1ಕ್ಕೆ ಮೊದಲು ಯಾವ ಹೊಸ ನಾಟಕವೂ, ಸಂಗೀತ ಕಾರ್ಯಕ್ರಮವೂ, ಕಲಾ ಪ್ರದರ್ಶನವೂ ಆರಂಭವಾಗಕೂಡದೆಂದು ವಾಷಿಂಗ್ಟನ್ನಿನಿಂದ ಆಜ್ಞೆ ಬಂತು. ಜೂನ್ 16ರ ಪ್ರದರ್ಶನಕ್ಕೆ ಟಿಕೆಟ್ಟು ಮಾರಾಟವಾಗಿತ್ತು. ಮ್ಯಾಕ್ಸಿನ್ ಎಲಿಯಟ್ ರಂಗಮಂದಿರಕ್ಕೆ ಕಾವಲುಗಾರರು ಬಂದು ನಿಂತರು, ರಂಗಸಜ್ಜಿಕೆ, ವೇಷಭೂಷಣ ಯಾವುದೂ ಹೊರಹೋಗಬಾರದೆಂದರು. ಲ್ಯಾರಿಯ ಪಾತ್ರಧಾರಿ ಹೊವರ್ಡ್ ಡ ಸಿಲ್ವಾನ ಕೃತಕ ಕೂದಲೂ ಸರ್ಕಾರದ ಸ್ವತ್ತಾಯಿತು. ಕೊನೆಯ ಗಳಿಗೆಯಲ್ಲಿ ಸಿಕ್ಕಿದ ವೆನಿಸ್ ರಂಗಮಂದಿರಕ್ಕೆ ಸುಮಾರು ಇಪ್ಪತ್ತು ಬ್ಲಾಕುಗಳ ದೂರ ನಟರೂ ಪ್ರೇಕ್ಷಕರೂ ನಡೆದುಕೊಂಡು ಹೋದರು. ಆದರೆ ನಟರ ಸಂಘ ‘ಆಕ್ಟರ್ಸ್ ಈಕ್ವಿಟಿ’ ತನ್ನ ಸದಸ್ಯರಿಗೆ ತಿಳಿಸಿತ್ತು: ಉದ್ಯೋಗದಾತ ಫೆಡರಲ್ ಥಿಯೇಟರಿನ ಒಪ್ಪಿಗೆಯಿಲ್ಲದೆ ಬೇರೆಯವರ ಆಡಳಿತದಲ್ಲಿ ಈ ನಾಟಕಕ್ಕಾಗಿ ರಂಗವೇರುವಂತಿಲ್ಲ. ಸಂಗೀತಗಾರರ ಸಂಘದ ನಿಯಮದಂತೆ ಬ್ರಾಡ್‌ವೇ ದರದ ಪೂರ್ಣ ಸಂಬಳ, ಪೂರ್ಣ ವಾದ್ಯವೃಂದ ಬೇಕಿತ್ತು. ಅಷ್ಟು ಹಣ ಇರಲಿಲ್ಲ. ಬಾಡಿಗೆಯ ಹಳೆಯ ಪಿಯಾನೊ ಒಂದರ ಮುಂದೆ ಬ್ಲಿಟ್ಸ್‌ಸ್ಟೈನ್ ಒಬ್ಬನೇ ರಂಗದ ಮೇಲೆ ಕೂತ, ಎಲ್ಲ ಪಾತ್ರಗಳನ್ನೂ ತಾನೇ ಹಾಡಿ ಮುಗಿಸುವ ಸಿದ್ಧತೆಯಲ್ಲಿ. ಮೋಲ್‌ನ ಮೊದಲ ಹಾಡನ್ನು ಅವನು ಎತ್ತಿಕೊಂಡಾಗ ಪ್ರೇಕ್ಷಕರ ನಡುವಿನಿಂದ ಒಂದು ಹೆಣ್ಣು ದನಿ ಅವನ ದನಿಯನ್ನು ಕೂಡಿಕೊಂಡಿತು. ಆಲಿವ್ ಸ್ಟಾಂಟನ್ ತನ್ನ ಆಸನದಿಂದ ಎದ್ದು ನಿಂತು ಹಾಡುತ್ತಿದ್ದಳು. ರಂಗದ ಮೇಲೆ ನಟಿಸಬಾರದೆಂಬ ನಿಷೇಧ ಪ್ರೇಕ್ಷಾಗೃಹಕ್ಕೆ ಅನ್ವಯಿಸುತ್ತಿರಲಿಲ್ಲ. ಒಬ್ಬರಾದ ಮೇಲೊಬ್ಬರು ನಟರು ಕುಳಿತಲ್ಲಿಂದಲೇ ಎದ್ದು ತಮ್ಮ ಪಾತ್ರವನ್ನು ಆಡಿದರು; ದೀಪ ಅವರನ್ನು ಹುಡುಕಿಕೊಂಡು ಹೋಯಿತು.

ಈ ರಾತ್ರಿಯನ್ನು ಸಾಮಾನ್ಯವಾಗಿ ಸರ್ಕಾರದ ಅಡ್ಡಿಯ ಮೇಲೆ ಕಲೆಯ ಜಯ ಎಂದು ಬಣ್ಣಿಸುತ್ತಾರೆ. ಹಾಗೆ ಹೇಳಿದಾಗ ನಾಟಕದ ವಸ್ತುವಿಗೂ ಘಟನೆಗೂ ಇರುವ ನಂಟು ಮರೆಯಾಗುತ್ತದೆ. ಆ ಸಭಾಂಗಣದಲ್ಲಿ ಕೂತಿದ್ದ ನಟರು ಯಾರು? ವಾರದ ಪರಿಹಾರ ವೇತನವನ್ನೇ ನಂಬಿದ, ನಾಳೆ ಅದು ನಿಂತರೆ ಬಾಡಿಗೆ ಕಟ್ಟಲಾಗದವರು. ಯಾಶಾ, ಡೌಬರರಂಥ ಕಲಾವಿದರನ್ನು ಒಡತಿಯ ಮುಂದೆ ಕೈಯೊಡ್ಡುವವರಂತೆ ತೋರಿಸುವ ನಾಟಕದಲ್ಲಿ ಆಡಲು ಬಂದ ಕಲಾವಿದರ ಮುಂದೆ ಅಂಥದೇ ಆಯ್ಕೆ ಬಂದು ನಿಂತಿತ್ತು. ಎಲ್ಲರೂ ಎದ್ದು ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ಕೆಲವರು ಬರಲೇ ಇಲ್ಲ. ಹಿರಾಮ್ ಶರ್ಮನ್ ಎಂಬ ನಟ ಅಂಥವರ ಪಾತ್ರಗಳನ್ನೂ ತಾನೇ ಆಡಿದ. ಬಾರದವರನ್ನು ನಾನು ಹಳಿಯಲಾರೆ, ಹ್ಯಾರಿಯ ಅಡಮಾನದ ಕಾಗದ ಅವರ ಮನೆಯಲ್ಲೂ ಇತ್ತು. ಎದ್ದವರಿಗೂ ಬೆಲೆ ತೆರುವುದು ತಪ್ಪಲಿಲ್ಲ: ನಾಯಕ ಲ್ಯಾರಿಯಾಗಿದ್ದ ಡ ಸಿಲ್ವಾ, ಒಡೆಯ ಮಿಸ್ಟರ್ ಮಿಸ್ಟರ್ ಆಗಿದ್ದ ವಿಲ್ ಗೀರ್ ಇಬ್ಬರೂ 1950ರ ದಶಕದಲ್ಲಿ ಕಮ್ಯುನಿಸ್ಟ್ ವಿರೋಧಿ ಬೇಟೆಯಲ್ಲಿ ಸಿಕ್ಕಿ ಹಾಲಿವುಡ್ಡಿನ ಕಪ್ಪುಪಟ್ಟಿ ಸೇರಿದರು. ಫೆಡರಲ್ ಥಿಯೇಟರನ್ನೇ ಕಾಂಗ್ರೆಸ್ 1939ರ ಜೂನ್ ಕೊನೆಯಲ್ಲಿ ಮುಚ್ಚಿಸಿತು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಸಂಘವನ್ನು ಎತ್ತಿಹಿಡಿಯುವ ನಾಟಕವನ್ನು ಆ ರಾತ್ರಿ ಕಟ್ಟಿಹಾಕಿದ್ದು ಎರಡು ಸಂಘಗಳ ನಿಯಮಗಳೇ ಅಲ್ಲವೇ? ಅಂದಮೇಲೆ ಸಂಘದ ಬಗ್ಗೆ ನಾಟಕ ಹೇಳುವುದಕ್ಕೆ ಏನು ಬೆಲೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಸಂಗೀತಗಾರರ ಸಂಘ ಕೇಳಿದ್ದು ತನ್ನ ಸದಸ್ಯರಿಗೆ ನ್ಯಾಯವಾಗಿ ಸಲ್ಲಬೇಕಾದ ದರ. ಪರಿಹಾರ ಯೋಜನೆಯ ಕಡಿಮೆ ಕೂಲಿಯನ್ನು ಖಾಸಗಿ ರಂಗಮಂದಿರಕ್ಕೂ ಒಪ್ಪಿಬಿಟ್ಟರೆ ನಾಳೆ ಬ್ರಾಡ್‌ವೇಯ ಪ್ರತಿ ಮಾಲೀಕನೂ ಅದನ್ನೇ ಕೇಳುತ್ತಿದ್ದ. ಈಕ್ವಿಟಿ ಹೇಳಿದ್ದೂ ಒಪ್ಪಂದದ ಮಾತು: ಒಬ್ಬ ಉದ್ಯೋಗದಾತನ ಬಳಿ ತಾಲೀಮು ಮಾಡಿದ ನಾಟಕವನ್ನು ಇನ್ನೊಬ್ಬನ ಕೈಗೆ ಕೊಡುವಂತಿಲ್ಲ. ಇವು ದುಡಿಯುವವರನ್ನು ಕಾಯಲು ಹುಟ್ಟಿದ ನಿಯಮಗಳು. ಲ್ಯಾರಿ ಫೋರ್‌ಮನ್‌ನ ಹಾಡುಗಳಲ್ಲಿ ಸಂಘವೆಂದರೆ ಬಿರುಗಾಳಿ. ದಿನನಿತ್ಯದ ಸಂಘ ದರಪಟ್ಟಿ, ಷರತ್ತು, ಸಹಿಗಳಲ್ಲಿ ಬದುಕುವ ಸಂಸ್ಥೆ. ನಾಟಕ ಹೇಳದೆ ಬಿಟ್ಟದ್ದನ್ನು ಪ್ರದರ್ಶನ ಹೇಳಿತು. ಆ ನಟರು ಸಂಘದ ಮಾತನ್ನು ಮೀರಲಿಲ್ಲ ಎಂಬುದನ್ನು ನೆನಪಿಡಬೇಕು. ಅದರ ಅಕ್ಷರದೊಳಗೇ ಜಾಗ ಹುಡುಕಿ ಎದ್ದು ನಿಂತರು. ಬರಿಯ ಧಿಕ್ಕಾರಕ್ಕಿಂತ ಇದಕ್ಕೆ ಹೆಚ್ಚಿನ ಬುದ್ಧಿ, ಹೆಚ್ಚಿನ ಒಗ್ಗಟ್ಟು ಬೇಕು. ಅಕ್ಷರ ಕಲಿತ, ಕಲೆ ಬಲ್ಲ ಜನ ತಾವೂ ಒಂದು ಸಂಘಕ್ಕೆ ಸೇರಿದ ಕೆಲಸಗಾರರೆಂಬುದನ್ನು ಅಷ್ಟು ಸ್ಪಷ್ಟವಾಗಿ ನೆನಪಿಸಿಕೊಂಡ ಇನ್ನೊಂದು ಸಂಜೆಯನ್ನು ರಂಗಚರಿತ್ರೆಯಲ್ಲಿ ಹುಡುಕುವುದು ಕಷ್ಟ.

ಸರ್ಕಾರ ನಿಜವಾಗಿಯೂ ಈ ನಾಟಕವನ್ನು ಹತ್ತಿಕ್ಕಲು ಹೊರಟಿತ್ತೇ ಎಂದೂ ಕೇಳುವವರಿದ್ದಾರೆ. ಆಜ್ಞೆಯಲ್ಲಿ ಈ ನಾಟಕದ ಹೆಸರಿರಲಿಲ್ಲ, ಅದು ಎಲ್ಲ ಹೊಸ ಪ್ರಯೋಗಗಳಿಗೂ ಅನ್ವಯಿಸುತ್ತಿತ್ತು, ಕಡಿತವೂ ನಿಜವಾದದ್ದೇ. ಜನಜನಿತವಾದ ಕಥೆಯ ಬಹುಭಾಗ ಬಂದಿರುವುದು 1972ರಲ್ಲಿ ಪ್ರಕಟವಾದ ಹೌಸ್‌ಮನ್‌ನ ನೆನಪುಗಳಿಂದ. ಒಳ್ಳೆಯ ಕಥೆಗಾರನ ನೆನಪು ಕಥೆಗೆ ಬೇಕಾದ ಹೊಳಪನ್ನು ಕೊಡುತ್ತದೆ ಎಂಬ ಎಚ್ಚರ ಓದುಗನಿಗೆ ಇರಬೇಕು. ಆದರೂ ಆ ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೇ 26ರಂದು ‘ಲಿಟ್ಲ್ ಸ್ಟೀಲ್’ ಎಂದು ಕರೆಯುತ್ತಿದ್ದ ಉಕ್ಕಿನ ಕಂಪನಿಗಳಲ್ಲಿ ಮುಷ್ಕರ ಶುರುವಾಗಿತ್ತು. ಮೇ 30ರಂದು ಷಿಕಾಗೊದಲ್ಲಿ ರಿಪಬ್ಲಿಕ್ ಸ್ಟೀಲ್ ಕಾರ್ಖಾನೆಯ ಬಳಿ ಮೆರವಣಿಗೆ ಹೊರಟಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಜನ ಸತ್ತಿದ್ದರು. ಅದಾಗಿ ಹದಿನೇಳನೆಯ ದಿನ, ಸರ್ಕಾರದ ಹಣದಲ್ಲಿ ತಯಾರಾದ ಉಕ್ಕಿನೂರಿನ ನಾಟಕ ರಂಗವೇರಬೇಕಿತ್ತು. ಯೋಜನೆಗೆ ಕಾಂಗ್ರೆಸ್ಸಿನಲ್ಲಿ ಶತ್ರುಗಳು ಹೆಚ್ಚುತ್ತಿದ್ದ ಕಾಲ ಅದು. ಹಾಗಿರುವಾಗ ಮೇಲಿನ ಅಧಿಕಾರಿಗಳಿಗೆ ಈ ಪ್ರದರ್ಶನ ಮುಂದೆ ಹೋದರೆ ಬೇಸರವೇನೂ ಇರಲಿಲ್ಲ ಎಂದು ಊಹಿಸುವುದು ಅತಿಯಾಗಲಾರದು. ಒಂದು ನಾಟಕವನ್ನು ಹೆಸರಿಸಿ ನಿಷೇಧಿಸುವುದಕ್ಕಿಂತ, ಎಲ್ಲಕ್ಕೂ ಅನ್ವಯಿಸುವ ಸುತ್ತೋಲೆ ಹೊರಡಿಸುವುದು ಆಡಳಿತಕ್ಕೆ ಯಾವಾಗಲೂ ಸುಲಭ. ಕಡಿತವೋ ಅಂಕುಶವೋ ಎಂಬ ಪ್ರಶ್ನೆಗೆ ಎರಡೂ ಎಂಬ ಉತ್ತರವೇ ನನಗೆ ಸರಿಯೆನಿಸುತ್ತದೆ.

ಕೊನೆಗೆ ಉಳಿಯುವ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದದ್ದು. ಮಧ್ಯಮ ವರ್ಗದ ಆತ್ಮಸಾಕ್ಷಿಯನ್ನೇ ಕೇಂದ್ರವಾಗಿಟ್ಟರೆ, ನಿಜವಾಗಿ ಬೆಂಕಿಯ ಮುಂದೆ ನಿಂತು ದುಡಿದವರು ಮತ್ತೆ ಅಂಚಿಗೆ ಸರಿಯುವುದಿಲ್ಲವೇ? ಸರಿಯುತ್ತಾರೆ, ಇದು ನಾಟಕದ ನಿಜವಾದ ಮಿತಿ. ಅಂದಿನ ಉಕ್ಕಿನ ಕಾರ್ಖಾನೆಗಳಲ್ಲಿ ಅತಿ ಬಿಸಿಯ, ಅತಿ ಅಪಾಯದ ಕೆಲಸಗಳು ಹೆಚ್ಚಾಗಿ ಕಪ್ಪು ಜನರ ಪಾಲಾಗುತ್ತಿದ್ದವು. ವರ್ಣಭೇದದ ಆ ಒಳಬಿರುಕಿನ ಬಗ್ಗೆ ನಾಟಕದಲ್ಲಿ ಮಾತಿಲ್ಲ. ಸ್ಟೀಲ್‌ಟೌನಿನ ಕಾರ್ಮಿಕರು ಏನು ಉಣ್ಣುತ್ತಾರೆ, ಪಾಳಿ ಎಷ್ಟು ಗಂಟೆಯದು, ತಮ್ಮೊಳಗೆ ಏನು ಜಗಳವಾಡುತ್ತಾರೆ ಎಂಬುದು ತಿಳಿಯುವುದಿಲ್ಲ. ಎರಡು ವರ್ಷ ಮೊದಲು, 1935ರ ಜನವರಿಯಲ್ಲಿ, ಕ್ಲಿಫರ್ಡ್ ಒಡೆಟ್ಸ್‌ನ ‘ವೇಟಿಂಗ್ ಫಾರ್ ಲೆಫ್ಟಿ’ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರನ್ನು ಮುಂದಿಟ್ಟಿತ್ತು. ಮನೆಯ ಸಾಮಾನು ಕಂತು ಕಟ್ಟದೆ ಕೈಬಿಟ್ಟು ಹೋದ ಗಂಡಹೆಂಡಿರ ಜಗಳದಲ್ಲಿ ದುಡಿಯುವವರ ಬದುಕಿನ ವಿವರ ಎಷ್ಟೋ ಹೆಚ್ಚಿದೆ. ಆದರೆ ಅಲ್ಲೂ ಪ್ರಯೋಗಾಲಯದ ಸಹಾಯಕ, ಆಸ್ಪತ್ರೆಯ ಯುವ ವೈದ್ಯ ಬಂದು ಸೇರುತ್ತಾರೆ ಎಂಬುದು ಆ ದಶಕದ ನಾಟಕಕಾರರನ್ನು ಕಾಡುತ್ತಿದ್ದ ಪ್ರಶ್ನೆಯನ್ನೇ ತೋರಿಸುತ್ತದೆ. ಒಡೆಟ್ಸ್‌ನ ವೈದ್ಯ ಕೆಲಸ ಕಳೆದುಕೊಂಡ ಮೇಲೆ ಕಾರ್ಮಿಕರ ಜೊತೆ ನಿಲ್ಲುತ್ತಾನೆ. ಬ್ಲಿಟ್ಸ್‌ಸ್ಟೈನ್‌ನ ವೈದ್ಯ ಕೆಲಸ ಉಳಿಸಿಕೊಳ್ಳಲು ಅವರನ್ನು ಕೈಬಿಡುತ್ತಾನೆ. ಎರಡನೆಯದೇ ಹೆಚ್ಚು ಕಹಿ, ಹೆಚ್ಚು ನಿಜ ಎಂದು ನನಗನಿಸುತ್ತದೆ.

ಈ ಕಹಿಯನ್ನು ಕಡೆಯ ದೃಶ್ಯದವರೆಗೂ ಉಳಿಸಿಕೊಳ್ಳುವ ಧೈರ್ಯ ಬ್ಲಿಟ್ಸ್‌ಸ್ಟೈನ್‌ಗೆ ಸಾಲಲಿಲ್ಲ. ಕಹಳೆ ಮೊಳಗುತ್ತದೆ, ಬೇರೆ ಬೇರೆ ವಿಭಾಗದ ಕಾರ್ಮಿಕರು ಒಂದಾಗಿ ಬರುತ್ತಾರೆ, ಲಿಬರ್ಟಿ ಕಮಿಟಿ ನಡುಗುತ್ತದೆ. ಆ ಬೇಸಿಗೆಯಲ್ಲಿ ನಿಜವಾದ ಉಕ್ಕಿನೂರುಗಳಲ್ಲಿ ನಡೆದದ್ದು ಇದರ ತಿರುವುಮುರುವು: ಜಾನ್ಸ್‌ಟೌನಿನಂಥ ಊರುಗಳಲ್ಲಿ ನಾಗರಿಕರ ಸಮಿತಿಗಳು ಗೆದ್ದವು, ಲಿಟ್ಲ್ ಸ್ಟೀಲ್ ಮುಷ್ಕರ ಸೋತಿತು, ಸಾವಿರಾರು ಜನ ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು. ಆ ಕಂಪನಿಗಳು ಸಂಘವನ್ನು ಒಪ್ಪಿಕೊಂಡು ಕರಾರಿಗೆ ಸಹಿ ಹಾಕಿದ್ದು 1942ರಲ್ಲಿ. ಅದಕ್ಕೆ ಯಾವ ರಾತ್ರಿಯ ಕಹಳೆಯೂ ಕಾರಣವಾಗಿರಲಿಲ್ಲ. ಐದು ವರ್ಷ ಮನೆಮನೆ ತಿರುಗಿ ಸದಸ್ಯರನ್ನು ಸೇರಿಸಿದವರ ದುಡಿಮೆ, ಕಾರ್ಮಿಕ ಸಂಬಂಧ ಮಂಡಳಿಯ ಮುಂದೆ ಹಿಡಿದ ವ್ಯಾಜ್ಯಗಳು, ಯುದ್ಧಕಾಲದಲ್ಲಿ ಉಕ್ಕಿಗೆ ಬಂದ ಬೇಡಿಕೆ ಕಾರಣವಾಗಿದ್ದವು. ನಾಟಕವನ್ನು ತರಗತಿಯಲ್ಲಿ ಓದಿಸುವವರು ಕಡೆಯ ಹಾಡಿನ ಜೊತೆಗೆ ಈ ಐದು ವರ್ಷಗಳನ್ನೂ ವಿದ್ಯಾರ್ಥಿಗಳ ಮುಂದೆ ಇಡಬೇಕು.